ಹಳದಿ ಚೀಲ ಸೇರುವ ಯಕೃತ್ತಿನ ಚೂರಿಗಾಗಿ ಒಂದು ಬಹಿರಂಗ ಪತ್ರ

ಕರ್ನಾಟಕದ ವೈದ್ಯಕೀಯ ಶಿಕ್ಷಣ ಸಚಿವರಿಗೆ, ಹಾಗೂ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯಗಳ ಮುಖ್ಯಸ್ಥರಿಗೆ

ಮಾನ್ಯರೇ,

ಯಕೃತ್ತಿನಲ್ಲಿ ಗಡ್ಡೆಯಾದವರಿಗೆ ಆಪರೇಷನ್ ಮಾಡುವಾಗ ಗಡ್ಡೆಯ ಜೊತೆಗೆ ಅದರ ಸುತ್ತಲಿನ ಒಂದಷ್ಟು ಒಳ್ಳೆಯ ಭಾಗವನ್ನೂ ತೆಗೆಯುತ್ತಾರೆ. ಕ್ಯಾನ್ಸರಿನ ಎಳೆ ಉಳಿಯಬಾರದೆಂದರೆ ತೆಗೆಯಲೇಬೇಕು. ಪೆಥಾಲಜಿಯವರಿಗೆ ಬೇಕಾದಷ್ಟು ಹೋದ ಮೇಲೆ ಮಿಕ್ಕಿದ್ದು ಹಳದಿ ಚೀಲಕ್ಕೆ ಬೀಳುತ್ತದೆ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಅಲ್ಲಿಂದ ಇನ್ಸಿನರೇಟರಿಗೆ ಹೋಗುತ್ತದೆ. ಥಿಯೇಟರಿನಿಂದ ಹೊರಬಂದ ಆ ಹೊತ್ತಿನಲ್ಲಿ ಅದರೊಳಗೆ ಕೋಟಿಗಟ್ಟಲೆ ಜೀವಂತ ಕೋಶಗಳಿರುತ್ತವೆ. ರೋಗಿ ಒಪ್ಪಿದರೆ ಆ ಚೂರನ್ನು ಸುಡದೆ ಮದ್ದುಗಳ ಪರೀಕ್ಷೆಗೆ ಕೊಡಿ, ಅದನ್ನು ಬಳಸಲು ಎರಡೂ ಜಿಲ್ಲೆಗಳಿಗೆ ಸೇರಿ ಒಂದು ಸಾಮಾನ್ಯ ಘಟಕ ಕಟ್ಟಿಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಮಂಗಳೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಫಾರ್ಮಕಾಲಜಿ, ಅಂದರೆ ಔಷಧಶಾಸ್ತ್ರದ ಪಾಠ ಮಾಡುತ್ತಿರುವವಳು. ಎಂ.ಫಾರ್ಮ್ ಮಕ್ಕಳ ಥೀಸಿಸ್‌ಗಳಿಗೆ ಗೈಡ್ ಆಗಿ ಸಹಿ ಹಾಕಿದ್ದೇನೆ. ಅವುಗಳಲ್ಲಿ ಎಷ್ಟೋ ಥೀಸಿಸ್‌ಗಳು ಒಂದೇ ಅಚ್ಚಿನವು: ಇಂಥ ಗಿಡದ ಸಾರಕ್ಕೆ ಯಕೃತ್ತನ್ನು ಕಾಯುವ ಗುಣ ಇದೆಯೇ? ಗಿಡ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ. ವಿಸ್ಟಾರ್ ಎಂಬ ತಳಿಯ ಆರಾರು ಇಲಿಗಳ ಗುಂಪು ಮಾಡುತ್ತೇವೆ. ಒಂದು ಗುಂಪಿಗೆ ಏನೂ ಇಲ್ಲ, ಒಂದಕ್ಕೆ ವಿಷ, ಒಂದಕ್ಕೆ ವಿಷದ ಜೊತೆ ಯಕೃತ್ತನ್ನು ಕಾಯುತ್ತದೆಂದು ಹೆಸರಾದ ಸಿಲಿಮರಿನ್, ಉಳಿದವಕ್ಕೆ ವಿಷದ ಜೊತೆ ಗಿಡದ ಸಾರ. ವಿಷ ಎಂದರೆ ಕಾರ್ಬನ್ ಟೆಟ್ರಾಕ್ಲೋರೈಡ್, ಇಲ್ಲದಿದ್ದರೆ ಪ್ಯಾರಾಸಿಟಮಾಲ್. ಕೊನೆಯ ದಿನ ರಕ್ತ ತೆಗೆದು, ಯಕೃತ್ತು ಕೆಟ್ಟರೆ ಅದರಲ್ಲಿ ಏರುವ ಎಸ್‌ಜಿಒಟಿ, ಎಸ್‌ಜಿಪಿಟಿ ನೋಡಿ, ಹೊಟ್ಟೆ ಸೀಳಿ ಯಕೃತ್ತನ್ನು ಕೊಳೆಯದಂತೆ ಇಡುವ ಫಾರ್ಮಲಿನ್‌ಗೆ ಹಾಕುತ್ತೇವೆ. ಪ್ಯಾರಾಸಿಟಮಾಲ್ ಕೊಡುವುದು ಕಿಲೋ ತೂಕಕ್ಕೆ 2 ಗ್ರಾಂ ಲೆಕ್ಕದಲ್ಲಿ. ಅದೇ ಲೆಕ್ಕವನ್ನು 60 ಕಿಲೋ ತೂಗುವ ಮನುಷ್ಯನಿಗೆ ಹಿಡಿದರೆ 500 ಮಿಲಿಗ್ರಾಂನ 240 ಮಾತ್ರೆ ಒಮ್ಮೆಗೇ ನುಂಗಿದಂತೆ. ಇಲಿಯ ಯಕೃತ್ತು ಈ ಮದ್ದನ್ನು ನಮ್ಮದಕ್ಕಿಂತ ಎಷ್ಟೋ ಚೆನ್ನಾಗಿ ತಡೆದುಕೊಳ್ಳುತ್ತದೆ, ಅದಕ್ಕಾಗಿಯೇ ಅಷ್ಟೊಂದು ಬೇಕು. ಅಂಥ ಪ್ರಾಣಿಯ ಯಕೃತ್ತನ್ನು ನೋಡಿ ಮನುಷ್ಯರ ಕಾಮಾಲೆಯ ಬಗ್ಗೆ ಮಕ್ಕಳು ಪುಟಗಟ್ಟಲೆ ಬರೆದು ತಂದಾಗ ನನ್ನ ಕೈ ಹಿಂಜರಿಯುತ್ತಿತ್ತು. ಆದರೂ ಸಹಿ ಹಾಕಿದೆ. ಬೇರೆ ದಾರಿ ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ನನ್ನ ದೊಡ್ಡಮ್ಮನ ಮಗಳು ಬಂಟ್ವಾಳದ ಹತ್ತಿರದ ಹಳ್ಳಿಯವಳು. ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಓದಿಸಿದವಳು. ಕೆಲವು ವರ್ಷಗಳ ಹಿಂದೆ ಅಕ್ಕನಿಗೆ ಕ್ಷಯ ಎಂದು ಗೊತ್ತಾಗಿ ಮಾತ್ರೆ ಶುರುವಾಯಿತು. ಮೂರನೇ ವಾರಕ್ಕೆ ಊಟ ಸೇರದಾಯಿತು, ಮೀನಿನ ವಾಸನೆ ಬಂದರೆ ಸಾಕು ವಾಂತಿ. ಮಾತ್ರೆಯ ಉಷ್ಣ ಎಂದು ಮನೆಯವರು ಎಳನೀರು ಕೊಟ್ಟರು. ಒಂದು ಸಂಜೆ ಜಗಲಿಯಲ್ಲಿ ಬೀಡಿ ಎಲೆ ಕತ್ತರಿಸುತ್ತಿದ್ದವಳು ತಲೆ ಎತ್ತಿದಾಗ ಮಗಳಿಗೆ ಅವಳ ಕಣ್ಣಿನ ಬಿಳಿಯೆಲ್ಲ ಹಳದಿಯಾಗಿ ಕಂಡಿತು. ಆಸ್ಪತ್ರೆಯಲ್ಲಿ ಎಲ್ಲ ಮಾತ್ರೆ ನಿಲ್ಲಿಸಿದರು. ರಕ್ತದ ಲೆಕ್ಕ ಇಳಿಯುವವರೆಗೆ ಕಾದು, ಒಂದೊಂದೇ ಮದ್ದನ್ನು ಮತ್ತೆ ಕೊಟ್ಟು ನೋಡಿದರು: ಮೊದಲು ರಿಫಾಂಪಿಸಿನ್, ಆಮೇಲೆ ಐಸೋನಿಯಾಜಿಡ್. ಐಸೋನಿಯಾಜಿಡ್ ಕೊಟ್ಟ ನಾಲ್ಕನೇ ದಿನ ಎಸ್‌ಜಿಪಿಟಿ ಮತ್ತೆ ಏರಿತು. ಡಾಕ್ಟರು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ, ಪುಸ್ತಕದಲ್ಲಿರುವ ಕ್ರಮವೇ ಅದು. ಮದ್ದು ಬದಲಿಸಿದ ಮೇಲೆ ಅಕ್ಕ ಗುಣವಾದಳು. ಆದರೆ ಯಾವ ಮಾತ್ರೆ ತನಗೆ ಆಗುವುದಿಲ್ಲ ಎಂದು ತಿಳಿಯಲು ಅವಳ ಮೈಯೇ ಪ್ರಯೋಗಾಲಯವಾಗಬೇಕಾಯಿತು. "ಅಲ್ಲ ತಂಗೀ, ನಿನ್ನ ಲ್ಯಾಬಿನಲ್ಲಿ ಇದನ್ನು ಮೊದಲೇ ನೋಡ್ಲಿಕ್ಕೆ ಆಗುದಿಲ್ವಾ?" ಎಂದು ಮಂಚದ ಮೇಲೆ ಮಲಗಿಕೊಂಡೇ ಕೇಳಿದಳು.

ಅಕ್ಕನದು ಅಪರೂಪದ ಕಥೆಯಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮದ್ದಿನಿಂದಲೇ ಯಕೃತ್ತು ಕೆಟ್ಟು ಬಂದ 313 ರೋಗಿಗಳ ಪೈಕಿ ಶೇ 58 ಮಂದಿಗೆ ಕಾರಣವಾಗಿದ್ದು ಕ್ಷಯದ ಮದ್ದುಗಳು. ಜೀವ ಉಳಿಸುವ ಮದ್ದು ಅದು, ಬಿಡುವ ಹಾಗಿಲ್ಲ. ಯಾರಿಗೆ ಅಪಾಯ, ಎಷ್ಟು ದಿನಕ್ಕೆ ಅಪಾಯ ಎಂಬುದನ್ನು ಮಾತ್ರೆ ಬಾಯಿಗೆ ಹೋಗುವ ಮೊದಲೇ ತಿಳಿಯುವ ಪ್ರಯತ್ನವನ್ನಾದರೂ ನಾವು ಮಾಡಬೇಕು.

ಇದಕ್ಕಾಗಿ ಯಕೃತ್ತಿನ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು ಹೊಸದೇನಲ್ಲ. ಕಾಲೇಜುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಹೆಪ್‌ಜಿ2 ಎಂಬ ಕೋಶ. 1970ರ ದಶಕದಲ್ಲಿ ಅರ್ಜೆಂಟೀನಾದ 15 ವರ್ಷದ ಹುಡುಗನೊಬ್ಬನ ಯಕೃತ್ತಿನ ಗಡ್ಡೆಯಿಂದ ತೆಗೆದದ್ದು ಅದು. ಸುಲಭವಾಗಿ ಬೆಳೆಯುತ್ತದೆ, ಅಗ್ಗವೂ ಹೌದು. ಆದರೆ ಮದ್ದನ್ನು ಒಡೆದು ಬೇರೆ ರೂಪಕ್ಕೆ ತಿರುಗಿಸುವ ಕಿಣ್ವಗಳು ಅದರಲ್ಲಿ ತೀರಾ ಕಡಿಮೆ. ಎಷ್ಟೋ ಮದ್ದುಗಳು ತಾವಾಗಿ ವಿಷವಲ್ಲ, ಯಕೃತ್ತು ಒಡೆದಾಗ ಹುಟ್ಟುವ ತುಣುಕು ವಿಷ. ಪ್ಯಾರಾಸಿಟಮಾಲ್ ಕೂಡ ಹಾಗೆಯೇ. ಒಡೆಯಲಾರದ ಕೋಶಕ್ಕೆ ಆ ವಿಷ ಕಾಣುವುದೇ ಇಲ್ಲ.

ಹಾಗಾದರೆ ಮನುಷ್ಯನ ಯಕೃತ್ತಿನಿಂದ ನೇರವಾಗಿ ತೆಗೆದ ಕೋಶಗಳನ್ನು ಬಳಸೋಣ ಎಂದರೆ ಅಲ್ಲಿ ಇನ್ನೊಂದು ಕಷ್ಟ. ದೇಹದಲ್ಲಿ ಈ ಕೋಶ ಹಲವು ಮುಖಗಳ ಪುಟ್ಟ ಗಟ್ಟಿ. ಒಂದು ಮಗ್ಗುಲಲ್ಲಿ ರಕ್ತ ಹರಿಯುತ್ತದೆ, ಪಕ್ಕದ ಕೋಶಕ್ಕೆ ತಾಗಿದ ಕಡೆ ಪಿತ್ತ ಹರಿಯುವ ಸಣ್ಣ ಕಾಲುವೆ ಇರುತ್ತದೆ. ಅದನ್ನು ತಂದು ಪ್ಲಾಸ್ಟಿಕ್ ತಟ್ಟೆಗೆ ಹಾಕಿದರೆ ಕಾವಲಿಗೆ ಹೊಯ್ದ ನೀರುದೋಸೆಯ ಹಾಗೆ ಹರಡಿಕೊಂಡು ಚಪ್ಪಟೆಯಾಗುತ್ತದೆ. ಎರಡು ಮೂರು ದಿನದಲ್ಲಿ ಕಿಣ್ವಗಳು ಕುಸಿಯುತ್ತವೆ, ವಾರ ಕಳೆಯುವಷ್ಟರಲ್ಲಿ ತಾನು ಯಕೃತ್ತಿನದೆಂಬುದೇ ಅದಕ್ಕೆ ಮರೆತುಹೋಗುತ್ತದೆ. ಅದೇ ಕೋಶಗಳನ್ನು ತಳಕ್ಕೆ ಅಂಟಿಕೊಳ್ಳಲು ಬಿಡದ, ತಳ ಗುಂಡಗಿರುವ ಗುಳಿಗಳಲ್ಲಿ ಹಾಕಿ. ಅಂಟಲು ಬೇರೇನೂ ಸಿಗದೆ ಅವು ಒಂದನ್ನೊಂದು ಹಿಡಿದುಕೊಂಡು, ಅಕ್ಕಿಯ ಉಂಡೆಗಡುಬು ಪುಂಡಿಯ ಹಾಗೆ ಉಂಡೆಯಾಗುತ್ತವೆ. ಇದೇ ಸ್ಫೆರಾಯ್ಡ್, ಲ್ಯಾಬಿನಲ್ಲಿ ಕೋಶ ಬೆಳೆಸುವ ಮೂರು ಆಯಾಮದ ಕಲ್ಚರ್. ಉಂಡೆಯೊಳಗೆ ಪಿತ್ತದ ಕಾಲುವೆಗಳು ಮತ್ತೆ ಮೂಡುತ್ತವೆ, ಯಕೃತ್ತು ಮಾಡುವ ಅಲ್ಬುಮಿನ್ ಎಂಬ ಪ್ರೋಟೀನ್ ತಯಾರಾಗುತ್ತದೆ, ಕಿಣ್ವಗಳು ವಾರಗಟ್ಟಲೆ ಕೆಲಸ ಮಾಡುತ್ತವೆ. ಗಾತ್ರ ಮಾತ್ರ ಹದವಾಗಿರಬೇಕು. ಪುಂಡಿ ದೊಡ್ಡದಾದರೆ ನಡುವೆ ಹಿಟ್ಟು ಹಸಿಯಾಗಿ ಉಳಿಯುವುದು ನಮ್ಮ ಕಡೆ ಅಡುಗೆ ಮಾಡುವವರಿಗೆಲ್ಲ ಗೊತ್ತು. ಇಲ್ಲೂ ಉಂಡೆ ದಪ್ಪವಾದರೆ ನಡುವಿನ ಕೋಶಗಳಿಗೆ ಆಮ್ಲಜನಕ ತಲುಪದೆ ಅವು ಸಾಯುತ್ತವೆ. ಹಾಗಾಗಿ ಒಂದು ಉಂಡೆಗೆ ಸುಮಾರು 1500 ಕೋಶ, ಅಡ್ಡಳತೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗ. ರವೆಯ ಕಾಳಿಗಿಂತಲೂ ಸಣ್ಣದು.

ನಾನು ಒಮ್ಮೆ ಇದನ್ನು ಮಾಡಿ ನೋಡಿದ್ದೇನೆ. ಸಣ್ಣ ಅನುದಾನವೊಂದು ಸಿಕ್ಕಿತ್ತು, ಅದರಲ್ಲಿ ವಿದೇಶದಿಂದ ಮನುಷ್ಯರ ಯಕೃತ್ತಿನ ಕೋಶಗಳ ಒಂದು ವಯಲ್ ತರಿಸಿದೆವು. ಒಂದು ಬೆರಳಿನಷ್ಟು ಪ್ಲಾಸ್ಟಿಕ್ ಕೊಳವೆಗೆ ಹತ್ತಾರು ಸಾವಿರ ರೂಪಾಯಿ. ದ್ರವ ಸಾರಜನಕದ ಚಳಿಯಲ್ಲೇ ಅದು ಬರಬೇಕು. ಕಸ್ಟಮ್ಸಿನ ಕಾಗದಕ್ಕೆ ಕಾಯುವಾಗ, ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಏನು ಗತಿ ಎಂದು ಎಣಿಸುವಾಗ ನಿದ್ದೆ ಬರುತ್ತಿರಲಿಲ್ಲ. ಕೊನೆಗೂ ಬಂತು. ಮೊದಲ ದಿನ ಗುಳಿಯ ತಳದಲ್ಲಿ ಚೆಲ್ಲಿದ ಪುಡಿಯಂತೆ ಇದ್ದವು. ಎರಡನೇ ದಿನ ಒಂದು ಕಡೆ ಸೇರತೊಡಗಿದವು, ಅಂಚೆಲ್ಲ ಒರಟು. ಐದನೇ ದಿನ ಬೆಳಿಗ್ಗೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ನುಣುಪಾದ, ಗಾಢವಾದ ದುಂಡು. ಪ್ಲೇಟಿನ ತೊಂಬತ್ತಾರು ಗುಳಿಗಳಲ್ಲೂ ಒಂದೊಂದು. ನನ್ನ ವಿದ್ಯಾರ್ಥಿನಿ ಏನೂ ಮಾತಾಡದೆ ಒಂದೊಂದೇ ಗುಳಿಯನ್ನು ಸರಿಸುತ್ತ ಪೂರ್ತಿ ಪ್ಲೇಟ್ ನೋಡಿ ಮುಗಿಸಿದಳು. ಮದ್ದು ಹಾಕಲು ಶುರುಮಾಡಿದ ಎರಡನೇ ವಾರ, ಮೇ ತಿಂಗಳ ಒಂದು ರಾತ್ರಿ, ಗುಡುಗು ಮಿಂಚಿಗೆ ಕರೆಂಟ್ ಹೋಯಿತು. ಯುಪಿಎಸ್ ತಡೆದಷ್ಟು ಹೊತ್ತು ತಡೆಯಿತು. ಬೆಳಿಗ್ಗೆ ಬಾಗಿಲು ತೆರೆದಾಗ ಇನ್‌ಕ್ಯುಬೇಟರ್ ತಣ್ಣಗಿತ್ತು, ಇಂಗಾಲದ ಡೈಆಕ್ಸೈಡ್ ಸೋರಿಹೋಗಿ ಕೋಶಗಳಿಗೆ ಆಹಾರವಾದ ಕೆಂಪು ದ್ರವ ನೇರಳೆಗೆ ತಿರುಗಿತ್ತು, ಉಂಡೆಗಳ ಅಂಚು ಉದುರುತ್ತಿತ್ತು. ಇನ್ನೊಂದು ವಯಲ್‌ಗೆ ನಮ್ಮಲ್ಲಿ ದುಡ್ಡಿರಲಿಲ್ಲ. ಆ ಹುಡುಗಿ ಇಲಿಗಳ ಮೇಲೆ ಥೀಸಿಸ್ ಮುಗಿಸಿದಳು.

ಎರಡು ವಾರ, ಐದು ವಾರ ಬದುಕುವ ಉಂಡೆಗೆ ನಾನು ಇಷ್ಟು ಹಂಬಲಿಸುವುದಕ್ಕೆ ಕಾರಣವಿದೆ. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಹೆಪಟೈಟಿಸ್ ಬಿ ರೋಗಕ್ಕೆಂದು ಫಿಯಾಲುರಿಡಿನ್ ಎಂಬ ಹೊಸ ಮದ್ದನ್ನು 15 ಮಂದಿಗೆ ಕೊಟ್ಟರು. ಇಲಿ, ನಾಯಿ, ಮಂಗಗಳಲ್ಲಿ ನೋಡಿ ಆಗಿತ್ತು, ಯಕೃತ್ತಿಗೆ ಏನೂ ಆಗಿರಲಿಲ್ಲ. ಮೊದಲ ವಾರಗಳಲ್ಲಿ ರೋಗಿಗಳೂ ಚೆನ್ನಾಗಿದ್ದರು, ರಕ್ತದಲ್ಲಿ ವೈರಸ್ ಇಳಿಯುತ್ತಿತ್ತು. ಎರಡು ತಿಂಗಳು ದಾಟಿದ ಮೇಲೆ ಒಬ್ಬೊಬ್ಬರಾಗಿ ಕುಸಿಯತೊಡಗಿದರು. ಮದ್ದು ನಿಲ್ಲಿಸಿದರೂ ಹಾನಿ ನಿಲ್ಲಲಿಲ್ಲ. ಏಳು ಮಂದಿಯ ಯಕೃತ್ತು ಸೋತಿತು, ಐವರು ತೀರಿಕೊಂಡರು, ಇಬ್ಬರು ಬೇರೆಯವರ ಯಕೃತ್ತು ಕಸಿ ಮಾಡಿಸಿಕೊಂಡು ಉಳಿದರು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ಆ ಮದ್ದು ನಿಧಾನವಾಗಿ ಕೆಡಿಸುತ್ತಿತ್ತು. ಮನುಷ್ಯನ ಮೈಟೊಕಾಂಡ್ರಿಯಾದೊಳಗೆ ಅದನ್ನು ಸಾಗಿಸುವ ಬಾಗಿಲೊಂದಿದೆ, ಇಲಿಯ ಮೈಟೊಕಾಂಡ್ರಿಯಾದಲ್ಲಿ ಅದಿಲ್ಲ. ಮೂರು ದಿನ ಬದುಕುವ ಚಪ್ಪಟೆ ಕಲ್ಚರಿನಲ್ಲಿ ಇದು ಕಾಣುವ ಹಾಗೇ ಇರಲಿಲ್ಲ. ಸ್ವೀಡನ್‌ನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು 2016ರಲ್ಲಿ ಐದು ವಾರ ಕೆಲಸ ಮಾಡುವ ಸ್ಫೆರಾಯ್ಡ್‌ಗಳಿಗೆ ಇದೇ ಮದ್ದನ್ನು ಹಾಕುತ್ತ ಹೋದರು. ವಾರಗಳು ಕಳೆದ ಹಾಗೆ ಉಂಡೆಗಳು ಸಾಯತೊಡಗಿದವು. ಆ ಹದಿನೈದು ಮಂದಿಯ ಮೊದಲು ಇಂಥದ್ದೊಂದು ಪ್ಲೇಟ್ ಇದ್ದಿದ್ದರೆ ಎಂದು ತರಗತಿಯಲ್ಲಿ ಈ ಪಾಠ ಮಾಡುವಾಗಲೆಲ್ಲ ಅನ್ನಿಸುತ್ತದೆ.

ಹಾಗೆಂದು ಇದು ಎಲ್ಲವನ್ನೂ ಹಿಡಿಯುತ್ತದೆ ಎಂದು ನಾನು ನಿಮಗೆ ಹೇಳಲಾರೆ. ಅದೇ ಸಂಸ್ಥೆಯವರು 2018ರಲ್ಲಿ 123 ಮದ್ದುಗಳನ್ನು ಹದಿನಾಲ್ಕು ದಿನ ಸ್ಫೆರಾಯ್ಡ್‌ಗಳಲ್ಲಿ ನೋಡಿದರು. ಯಕೃತ್ತಿಗೆ ಕೆಡುಕು ಮಾಡುವ ಮದ್ದುಗಳಲ್ಲಿ ಶೇ 69ರಷ್ಟನ್ನು ಗುರುತಿಸಿದರು. ನಿರಪಾಯ ಮದ್ದನ್ನು ಅಪಾಯ ಎಂದು ಒಮ್ಮೆಯೂ ತಪ್ಪು ಹೇಳಲಿಲ್ಲ. ಉಳಿದವು ತಪ್ಪಿಸಿಕೊಂಡವು. ರೋಗನಿರೋಧಕ ಶಕ್ತಿಯೇ ಕೆರಳಿ ಯಕೃತ್ತಿನ ಮೇಲೆ ಬೀಳುವ ಬಗೆಯ ಹಾನಿಯನ್ನು ಬರೀ ಯಕೃತ್ತಿನ ಕೋಶಗಳ ಉಂಡೆ ತೋರಿಸಲಾರದು, ಅದಕ್ಕೆ ಬೇರೆ ಕೋಶಗಳನ್ನೂ ಜೊತೆಗೆ ಸೇರಿಸಿ ಬೆಳೆಸಬೇಕು. ನನ್ನ ಅಕ್ಕನಿಗೆ ಆದದ್ದನ್ನು ಇದು ಮೊದಲೇ ಹೇಳಿಬಿಡುತ್ತಿತ್ತು ಎಂದು ಅವಳಿಗೂ ನಾನು ಹೇಳಿಲ್ಲ.

ಆದರೆ ಅಕ್ಕನಂಥವರ ಕಡೆಗೆ ಹೋಗುವ ದಾರಿ ಇಲ್ಲಿಂದಲೇ ಶುರುವಾಗಬೇಕು. ಒಂದು ವಯಲ್ ಎಂದರೆ ಒಬ್ಬ ಮನುಷ್ಯ. ಐಸೋನಿಯಾಜಿಡನ್ನು ಬೇಗ ಕರಗಿಸುವವರೂ ಇದ್ದಾರೆ, ನಿಧಾನವಾಗಿ ಕರಗಿಸುವವರೂ ಇದ್ದಾರೆ. ಅದು ಹುಟ್ಟಿನಿಂದ ಬಂದ ಗುಣ, ನಿಧಾನದವರಿಗೆ ಅಪಾಯ ಹೆಚ್ಚು. ನಾವು ದುಡ್ಡು ಕೊಟ್ಟು ತರಿಸುವ ಕೋಶಗಳು ದೂರದೇಶದವರವು. ಬಂಟ್ವಾಳ, ಕುಂದಾಪುರ, ಕಾರ್ಕಳದ ಜನರ ಯಕೃತ್ತು ಕ್ಷಯದ ಮದ್ದಿಗೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ತಿಳಿಯಬೇಕಾದರೆ ಆ ಜನರ ಕೋಶಗಳೇ ಬೇಕು, ಒಬ್ಬಿಬ್ಬರದಲ್ಲ, ಹತ್ತಾರು ಮಂದಿಯದು. ಹಳದಿ ಚೀಲದಲ್ಲಿ ಹೋಗುತ್ತಿರುವುದು ಅದೇ.

ನಮ್ಮ ಗಿಡಮೂಲಿಕೆಗಳ ಮಾತೂ ಇದೆ. ಆಟಿ ಅಮಾವಾಸ್ಯೆಯಂದು ಬೆಳಗಾಗುವ ಮೊದಲೇ ಹಾಲೆಮರದ ತೊಗಟೆ ತಂದು ಕಷಾಯ ಮಾಡಿ ಕುಡಿಯುವ ಊರು ನಮ್ಮದು. ನಾನೂ ಕುಡಿಯುತ್ತೇನೆ. ಕಾಮಾಲೆ ಎಂದರೆ ಮೊದಲು ನೆನಪಾಗುವುದು ಕಿರುನೆಲ್ಲಿ. ಈ ಮದ್ದುಗಳನ್ನು ಕಡೆಗಣಿಸುವವಳು ನಾನಲ್ಲ, ಗೌರವ ಇರುವುದರಿಂದಲೇ ಸರಿಯಾಗಿ ಪರೀಕ್ಷೆಯಾಗಲಿ ಎನ್ನುತ್ತೇನೆ. ಕೊರೋನಾ ಕಾಲದಲ್ಲಿ ಜನ ಅಮೃತಬಳ್ಳಿ ಕಷಾಯ ಕುಡಿದರು. ಅದನ್ನು ಕುಡಿದ ಕೆಲವರಿಗೆ ಯಕೃತ್ತು ಕೆಟ್ಟಿತೆಂದು ಮುಂಬೈಯ ವೈದ್ಯರು 2021ರಲ್ಲಿ ಬರೆದರು. ಮಾರನೇ ವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವರದಿ ಬಂತು. ಆಯುಷ್ ಸಚಿವಾಲಯ ಮುಂಬೈಯ ವರದಿಯನ್ನು ಒಪ್ಪಲಿಲ್ಲ, ರೋಗಿಗಳು ಕುಡಿದದ್ದು ಅಮೃತಬಳ್ಳಿಯೇ ಎಂದು ಖಚಿತಪಡಿಸಿಲ್ಲ, ಅದನ್ನೇ ಹೋಲುವ ಇನ್ನೊಂದು ಬಳ್ಳಿ ಇದ್ದಿರಬಹುದು ಎಂದಿತು. ಆ ವಾದ ಇನ್ನೂ ಬಗೆಹರಿದಿಲ್ಲ. ಎರಡೂ ಬಳ್ಳಿಗಳ ಸಾರವನ್ನು ಒಂದೇ ಪ್ಲೇಟಿನಲ್ಲಿ, ಹತ್ತು ಮಂದಿ ದಾನಿಗಳ ಸ್ಫೆರಾಯ್ಡ್‌ಗಳ ಮೇಲೆ, ಎರಡು ವಾರ ನೋಡಿದರೆ ಮಾತಿನ ಜಾಗದಲ್ಲಿ ಒಂದಿಷ್ಟು ಪುರಾವೆ ಇರುತ್ತದೆ. ನಮ್ಮ ಮಕ್ಕಳ ಥೀಸಿಸ್‌ಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ತೋಚುವುದಿಲ್ಲ.

ಕಾನೂನಿನ ಅಡ್ಡಿಯೂ ಈಗ ಇಲ್ಲ. ಹೊಸ ಮದ್ದಿಗೆ ಪ್ರಾಣಿಗಳ ಪರೀಕ್ಷೆ ಕಡ್ಡಾಯ ಎಂಬ 1938ರ ಕಾಲದ ಕಟ್ಟನ್ನು ಅಮೆರಿಕ 2022ರ ಡಿಸೆಂಬರಿನಲ್ಲಿ ಸಡಿಲಿಸಿತು. ನಮ್ಮ ಕೇಂದ್ರ ಸರ್ಕಾರವೂ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಿಗೆ 2023ರ ಮಾರ್ಚ್‌ನಲ್ಲಿ ತಿದ್ದುಪಡಿ ತಂದು ಮನುಷ್ಯರ ಕೋಶಗಳ ಮೇಲಿನ ಇಂಥ ಪರೀಕ್ಷೆಗಳಿಗೆ ಜಾಗ ಮಾಡಿಕೊಟ್ಟಿದೆ. ಬೆಂಗಳೂರಿನ ಪ್ಯಾಂಡೋರಂ ಎಂಬ ಕಂಪನಿ 2015ರಲ್ಲೇ ಮುದ್ರಣ ವಿಧಾನದಿಂದ ಯಕೃತ್ತಿನ ಅಂಗಾಂಶ ತಯಾರಿಸಿ ತೋರಿಸಿತ್ತು.

ಕರಾವಳಿಯಲ್ಲಿ ಇರುವುದನ್ನು ಒಮ್ಮೆ ಲೆಕ್ಕ ಹಾಕಿ. 1848ರಿಂದ ನಡೆದುಕೊಂಡು ಬಂದ ವೆನ್ಲಾಕ್ ಆಸ್ಪತ್ರೆ, 1953ರಲ್ಲಿ ಮಣಿಪಾಲದಲ್ಲಿ ಶುರುವಾದ ವೈದ್ಯಕೀಯ ಕಾಲೇಜು, ಕಂಕನಾಡಿ, ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳು, ಅವುಗಳ ಮಗ್ಗುಲಲ್ಲೇ ಫಾರ್ಮಸಿ ಕಾಲೇಜುಗಳು. ಮಂಗಳೂರಿನಿಂದ ಮಣಿಪಾಲಕ್ಕೆ ಹೆದ್ದಾರಿಯಲ್ಲಿ ಒಂದೂವರೆ ಗಂಟೆ. ತಣ್ಣನೆಯ ದ್ರಾವಣದಲ್ಲಿ, ಐಸಿನ ಮೇಲೆ ಇಟ್ಟ ಯಕೃತ್ತಿನ ಚೂರು ಕೆಲವು ಗಂಟೆ ತಡೆಯುತ್ತದೆ, ಎಂದರೆ ಯಾವ ಥಿಯೇಟರಿನಿಂದಲೂ ಯಾವ ಲ್ಯಾಬಿಗೂ ತಲುಪಿಸಬಹುದು. ರಕ್ತನಾಳದ ಮೂಲಕ ಕೊಲ್ಯಾಜಿನೇಸ್ ಕಿಣ್ವ ಹಾಯಿಸಿ ಕೋಶಗಳನ್ನು ಬಿಡಿಸುವ ಕೆಲಸಕ್ಕೆ ಇನ್ನೊಂದಷ್ಟು ಗಂಟೆ. ಹತ್ತು ಲಕ್ಷ ಕೋಶ ಸಿಕ್ಕಿದರೆ ತೊಂಬತ್ತಾರು ಗುಳಿಯ ಆರು ಪ್ಲೇಟುಗಳಿಗೆ ಸಾಕಾಗಿ ಮಿಗುತ್ತದೆ. ಚಪ್ಪಟೆ ಕಲ್ಚರಿನಲ್ಲಿ ಅಷ್ಟು ಕೋಶ ಕೆಲವೇ ದೊಡ್ಡ ಗುಳಿಗಳಲ್ಲಿ ಮುಗಿದುಹೋಗುತ್ತದೆ.

ತೊಡಕು ಇರುವುದು ಸಣ್ಣ ಜಾಗದಲ್ಲಿ. ಥಿಯೇಟರಿನಿಂದ ಬರುವ ತುಂಡು ಫಾರ್ಮಲಿನ್ ಡಬ್ಬಿಗೆ ಬಿದ್ದರೆ ಆ ಕ್ಷಣಕ್ಕೇ ಕೋಶಗಳು ಸತ್ತವು. ಅದಕ್ಕೆ ಮೊದಲು ಪೆಥಾಲಜಿಯವರು ನೋಡಿ, ರೋಗಿಯ ವರದಿಗೆ ಬೇಕಾದ ಅಂಚನ್ನೆಲ್ಲ ತಮಗೆ ಇಟ್ಟುಕೊಂಡು, ಉಳಿದದ್ದನ್ನು ಬೇರೆ ಮಾಡಿ ಕೊಡಬೇಕು. ಸರ್ಜನ್, ಪೆಥಾಲಜಿ, ಲ್ಯಾಬು ಮೂವರಿಗೂ ಹಿಂದಿನ ದಿನವೇ ಫೋನ್ ಹೋಗಿರಬೇಕು. ಇದನ್ನು ಒಂದು ಕಾಲೇಜಿನ ಒಬ್ಬ ಶಿಕ್ಷಕಿ ಹೇಳಿ ಮಾಡಿಸಲಾಗದು. ನೀವು ಒಟ್ಟಿಗೆ ಕೂತು ಒಂದು ಕ್ರಮ ಬರೆದರೆ ಆಗುತ್ತದೆ. ಜೊತೆಗೆ ಜನರೇಟರ್ ಇರುವ ಒಂದು ಕೋಣೆ, ಎರಡು ಇನ್‌ಕ್ಯುಬೇಟರ್, ದ್ರವ ಸಾರಜನಕದ ಟ್ಯಾಂಕು, ಈ ಕೆಲಸವನ್ನೇ ಕಲಿತು ಇಲ್ಲಿಯೇ ಉಳಿಯುವ ಮೂವರು ತಂತ್ರಜ್ಞರು. ಉಪಕರಣಕ್ಕೆ ಹಣ ಸಿಗುತ್ತದೆ, ಜನಕ್ಕೆ ಸಿಗುವುದಿಲ್ಲ ಎಂಬುದು ನನ್ನ ಅನುಭವ. ಮೊದಲು ಆ ಮೂವರ ಸಂಬಳ ಗಟ್ಟಿ ಮಾಡಿ. ಆ ಘಟಕ ಯಾವ ಸಂಸ್ಥೆಯ ಆವರಣದಲ್ಲೇ ಇರಲಿ, ಎರಡೂ ಜಿಲ್ಲೆಗಳ ಯಾವ ಕಾಲೇಜಿನ ವಿದ್ಯಾರ್ಥಿಯೂ ಬಂದು ಕೆಲಸ ಮಾಡುವಂತಿರಲಿ.

ರೋಗಿಯ ಒಪ್ಪಿಗೆಯಿಲ್ಲದೆ ಒಂದು ಚೂರನ್ನೂ ಮುಟ್ಟಬಾರದು. ಒಪ್ಪಿಗೆ ಪತ್ರ ಆಪರೇಷನ್ನಿನ ದಿನ ಬೆಳಿಗ್ಗೆ ಗಡಿಬಿಡಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವಂಥದ್ದಾಗಬಾರದು. ಕನ್ನಡ, ತುಳು, ಕೊಂಕಣಿ, ಬ್ಯಾರಿ, ಯಾವುದು ಅವರ ಮನೆಮಾತೋ ಅದರಲ್ಲಿ ಕೂತು ಹೇಳಬೇಕು. ನಾನು ಒಂದು ಕರಡು ಬರೆದೆ: ರೋಗ ಪತ್ತೆಗೆ ಬೇಕಾದಷ್ಟು ಹೋಗಿ ಉಳಿದ ಯಕೃತ್ತಿನ ಭಾಗವನ್ನು ಮದ್ದುಗಳ ಪರೀಕ್ಷೆಗೆ ಬಳಸಬಹುದು, ಇದಕ್ಕಾಗಿ ಒಂದು ಎಳೆಯನ್ನೂ ಹೆಚ್ಚಿಗೆ ಕತ್ತರಿಸುವುದಿಲ್ಲ, ನನ್ನ ಹೆಸರು ಹೊರಗೆ ಹೋಗುವುದಿಲ್ಲ, ಬೇಡವೆಂದರೂ ನನ್ನ ಚಿಕಿತ್ಸೆ ಹೀಗೆಯೇ ನಡೆಯುತ್ತದೆ. ಕಳೆದ ಭಾನುವಾರ ಊರಿಗೆ ಹೋದಾಗ ಅಕ್ಕನಿಗೆ ಓದಿ ಹೇಳಿದೆ. ಬೀಡಿ ಕಟ್ಟುತ್ತಲೇ ಪೂರ್ತಿ ಕೇಳಿ, "ಹೆಚ್ಚಿಗೆ ಕತ್ತರಿಸುದಿಲ್ಲ ಅಂತ ಉಂಟಲ್ಲ, ಅದನ್ನು ಮೊದಲು ಬರಿ. ನಮಗೆ ಹೆದರಿಕೆ ಅದೇ" ಎಂದಳು. ಹಾಗೆಯೇ ತಿದ್ದಿ, ಆ ಪ್ರತಿಯನ್ನು ನಿಮ್ಮೆಲ್ಲರ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ.

ಇತಿ,
ಒಬ್ಬ ಫಾರ್ಮಕಾಲಜಿ ಶಿಕ್ಷಕಿ
ಮಂಗಳೂರು